ಹಾಡಿದ್ದು ಚಿಕ್ಕಮ್ಮ, ಕ್ಲೇಮ್ ಹಾಕಿದ್ದು ಯಾರೋ

ಹೋದ ವರ್ಷ ಗೌರಿ ಹಬ್ಬ ಮುಗಿದ ಮೂರನೇ ದಿನ ಶಿವಮೊಗ್ಗದಿಂದ ಚಿಕ್ಕಮ್ಮನ ಫೋನು. ದನಿಯಲ್ಲಿ ಗಾಬರಿ. "ಏನೋ ಇದು, ಯೂಟ್ಯೂಬಿನವರು ಮೇಲ್ ಕಳ್ಸಿದಾರೆ. ಕಾಪಿರೈಟ್ ಅಂತೆ. ನಾನೇನೋ ಕದ್ದಿದೀನಿ ಅನ್ನೋ ಥರ ಬರ್ದಿದಾರೆ. ಪೊಲೀಸು ಗಿಲೀಸು ಬರಲ್ಲ ತಾನೇ?"

ಚಿಕ್ಕಮ್ಮನದು ಪುಟ್ಟ ಚಾನೆಲ್. ದೇವರ ಕೋಣೆಯ ಮುಂದೆ ಚಾಪೆ ಹಾಸಿ, ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ, ಇನ್ನೊಂದು ಹಳೇ ಮೊಬೈಲಿನಲ್ಲಿ ಶ್ರುತಿಯ ಆ್ಯಪ್ ಹಚ್ಚಿಟ್ಟು ದೇವರನಾಮ ಹಾಡುತ್ತಾರೆ. ನೋಡುವವರು ಅಬ್ಬಬ್ಬಾ ಅಂದರೆ ಇನ್ನೂರು ಜನ. ಅದರಲ್ಲಿ ಅರ್ಧ ನಮ್ಮ ನೆಂಟರೇ. ಆ ಸಲ ಹಾಡಿದ್ದು ಪುರಂದರದಾಸರ ಒಂದು ಪದ, ತಮ್ಮ ತಾಯಿಯಿಂದ ಕಲಿತ ಧಾಟಿಯಲ್ಲಿ. ಮೇಲ್ ಹೇಳುತ್ತಿದ್ದುದು ಇಷ್ಟು: ವಿಡಿಯೊದ 0:14ರಿಂದ 2:51ರವರೆಗಿನ ಭಾಗ ಒಂದು ಮ್ಯೂಸಿಕ್ ಕಂಪನಿಗೆ ಸೇರಿದ್ದು. ಅದರಲ್ಲಿ ಜಾಹೀರಾತು ಬಂದರೆ ದುಡ್ಡು ಆ ಕಂಪನಿಗೆ.

"ಬರ್ದಿದ್ದು ದಾಸರು. ಹಾಡಿದ್ದು ನಾನು. ಮಧ್ಯೆ ಇವರ್ಯಾರೋ?" ಅಂದರು ಚಿಕ್ಕಮ್ಮ.

ಒಳ್ಳೆಯ ಪ್ರಶ್ನೆ. ಹಳೇ ಹಾಡು, ರಂಗಗೀತೆ, ಯಕ್ಷಗಾನದ ಪದ, ವಚನ ಇಂಥವನ್ನು ಆನ್‌ಲೈನ್‌ಗೆ ಹಾಕುವ ಎಷ್ಟೋ ಜನರಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ. ಉತ್ತರ ಹುಡುಕಬೇಕಾದರೆ ಮೊದಲು ಆ ಮೇಲನ್ನು ಕಳಿಸಿದ್ದು ಯಾರು ಅಂತ ನೋಡಬೇಕು.

ಮನುಷ್ಯರಲ್ಲ. ಯಂತ್ರ.

2007ರಲ್ಲಿ ಯೂಟ್ಯೂಬ್ ಕಂಟೆಂಟ್ ಐಡಿ ಎಂಬ ವ್ಯವಸ್ಥೆ ತಂದಿತು. ಅದೇ ವರ್ಷ ಅಮೆರಿಕದ ಮನರಂಜನಾ ಕಂಪನಿ ವಯಾಕಾಮ್, ತನ್ನ ಕಾರ್ಯಕ್ರಮಗಳನ್ನು ಅನುಮತಿಯಿಲ್ಲದೆ ತೋರಿಸುತ್ತಿದೆ ಅಂತ 100 ಕೋಟಿ ಡಾಲರ್ ಪರಿಹಾರ ಕೇಳಿ ಯೂಟ್ಯೂಬ್ ಮೇಲೆ ಕೇಸು ಹಾಕಿತ್ತು. ಇದು ನೆನಪಿದ್ದರೆ ಈ ವ್ಯವಸ್ಥೆ ಯಾರ ಸಮಾಧಾನಕ್ಕೆ ಹುಟ್ಟಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೆಲಸ ಮಾಡುವ ರೀತಿ ಸರಳ. ದೊಡ್ಡ ಕಂಪನಿಗಳು ತಮ್ಮ ಹಾಡು, ಸಿನಿಮಾಗಳ ಫೈಲುಗಳನ್ನು ಯೂಟ್ಯೂಬಿಗೆ ಕೊಟ್ಟಿಡುತ್ತವೆ. ಯಂತ್ರ ಪ್ರತಿಯೊಂದಕ್ಕೂ ಒಂದು ಬೆರಳಚ್ಚು ತೆಗೆದಿಟ್ಟುಕೊಳ್ಳುತ್ತದೆ. ನೀವು ವಿಡಿಯೊ ಹಾಕಿದ ಕೂಡಲೇ ಅದರ ಬೆರಳಚ್ಚನ್ನು ಆ ರಾಶಿಗೆ ಹೋಲಿಸಿ ನೋಡುತ್ತದೆ. ತಾಳೆಯಾದರೆ ಕ್ಲೇಮ್, ಅಂದರೆ 'ಇದು ನಮ್ಮದು' ಅನ್ನುವ ಹಕ್ಕೊತ್ತಾಯ. ಆಮೇಲೆ ಏನಾಗಬೇಕು ಅಂತ ಕಂಪನಿ ಮೊದಲೇ ಹೇಳಿಟ್ಟಿರುತ್ತದೆ: ವಿಡಿಯೊ ತಡೆಯಬಹುದು, ಸುಮ್ನೆ ಲೆಕ್ಕ ಇಡಬಹುದು, ಇಲ್ಲವೇ ಜಾಹೀರಾತಿನ ದುಡ್ಡು ತೆಗೆದುಕೊಳ್ಳಬಹುದು. ಬಹುತೇಕ ಕಂಪನಿಗಳು ದುಡ್ಡನ್ನೇ ಆರಿಸಿಕೊಳ್ಳುತ್ತವೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ತಿಳಿದುಕೊಳ್ಳಬೇಕು. ಯಂತ್ರಕ್ಕೆ ಹೋಲಿಕೆ ಗೊತ್ತು, ಒಡೆತನ ಗೊತ್ತಿಲ್ಲ. ಫೈಲು ಕೊಟ್ಟವರನ್ನೇ ಯಜಮಾನ ಅಂತ ನಂಬಿಬಿಡುತ್ತದೆ. ಹಳ್ಳಿಯ ಗೋಮಾಳಕ್ಕೆ ಯಾರೋ ರಾತ್ರೋರಾತ್ರಿ ಬೇಲಿ ಹಾಕುತ್ತಾರೆ ಅಂದುಕೊಳ್ಳಿ. ಬೆಳಿಗ್ಗೆ ದನ ಹೊಡೆದುಕೊಂಡು ಹೋದವನ ಹತ್ತಿರವೇ ಕಾವಲುಗಾರ ಪಹಣಿ ಕೇಳಿದರೆ ಹೇಗಿರುತ್ತದೆ? ಹಾಗಾಗಿದೆ ಇದು. ಬೇಲಿ ಹಾಕಿದವನನ್ನು ಯಾರೂ ಕೇಳಲಿಲ್ಲ.

ಎಡವಟ್ಟುಗಳು ಒಂದೆರಡಲ್ಲ. 2012ರ ಆಗಸ್ಟಿನಲ್ಲಿ ಮಂಗಳ ಗ್ರಹದ ಮೇಲೆ ಕ್ಯೂರಿಯಾಸಿಟಿ ನೌಕೆ ಇಳಿಯಿತು. ನಾಸಾ ತನ್ನ ವಿಡಿಯೊವನ್ನು ತನ್ನದೇ ಚಾನೆಲ್‌ಗೆ ಹಾಕಿದರೆ, ಅದು ತನ್ನದು ಅಂತ ಒಂದು ಸುದ್ದಿ ಸಂಸ್ಥೆಯ ಹೆಸರಿನಲ್ಲಿ ಕ್ಲೇಮ್ ಬಂದು ವಿಡಿಯೊ ಮಾಯವಾಯಿತು. ಅದೇ ದೃಶ್ಯವನ್ನು ಆ ಸಂಸ್ಥೆ ತನ್ನ ಸುದ್ದಿಯಲ್ಲಿ ಬಳಸಿಕೊಂಡಿತ್ತು, ಅಷ್ಟೇ. ಆಸ್ಟ್ರೇಲಿಯಾದ ಒಬ್ಬ ಸಂಗೀತಗಾರ ಟಿವಿಯಲ್ಲಿ ಸಿಗ್ನಲ್ ಹೋದಾಗ ಬರುವಂಥ ಬರೀ 'ಶ್ಶ್‌' ಸದ್ದಿನ 10 ಗಂಟೆಯ ವಿಡಿಯೊ ಹಾಕಿದ್ದ. 2018ರ ಹೊತ್ತಿಗೆ ಅದರ ಮೇಲೆ 5 ಕ್ಲೇಮ್. ಅದೇ ವರ್ಷ ಜೇಮ್ಸ್ ರೋಡ್ಸ್ ಎಂಬ ಪಿಯಾನೊ ವಾದಕ ತನ್ನ ಮನೆಯಲ್ಲಿ ಜರ್ಮನಿಯ ಸಂಗೀತ ರಚನಕಾರ ಬಾಖ್‌ನ ಒಂದು ರಚನೆ ನುಡಿಸಿ ಫೇಸ್‌ಬುಕ್‌ಗೆ ಹಾಕಿದ. ಅದರಲ್ಲಿ 47 ಸೆಕೆಂಡು ಸೋನಿ ಮ್ಯೂಸಿಕ್‌ಗೆ ಸೇರಿದ್ದು ಅಂತ ಸೂಚನೆ ಬಂತು. ಬಾಖ್ ತೀರಿಕೊಂಡಿದ್ದು 1750ರಲ್ಲಿ! ರೋಡ್ಸ್ ಟ್ವಿಟರ್‌ನಲ್ಲಿ ಕೂಗಾಡಿದ ಮೇಲೆ ಕ್ಲೇಮ್ ಬಿಟ್ಟುಕೊಟ್ಟರು.

ಬಾಖ್‌ಗೆ ಆದದ್ದೇ ದಾಸರಿಗೂ ಆಗುತ್ತಿದೆ. ನಮ್ಮಲ್ಲಿ ಸ್ವಲ್ಪ ಜಾಸ್ತಿಯೇ ಆಗುತ್ತದೆ ಅಂತ ನನ್ನ ಅನಿಸಿಕೆ, ಅದಕ್ಕೆ ಕಾರಣವೂ ಇದೆ. ಕರ್ನಾಟಕ ಸಂಗೀತದಲ್ಲಿ ಅದೇ ಕೃತಿಯನ್ನು ಅದೇ ರಾಗ, ಅದೇ ತಾಳದಲ್ಲಿ ಸಾವಿರ ಜನ ಹಾಡುತ್ತಾರೆ. ಹಾಡಬೇಕಾದ್ದೇ ಹಾಗೆ. ಗುರುಗಳು ಹೇಳಿಕೊಟ್ಟ ಸಂಗತಿಯನ್ನು ತಪ್ಪದೆ ಒಪ್ಪಿಸಿದರೆ ಶಭಾಷ್ ಅನ್ನುತ್ತಾರೆ. ಯಂತ್ರ ಮಾತ್ರ ಕಾಪಿ ಅನ್ನುತ್ತದೆ. ಸಾಲದ್ದಕ್ಕೆ ಹಿಂದೆ ಶ್ರುತಿ ಇರುತ್ತದೆ. ಮೊದಲಾದರೆ ಒಬ್ಬೊಬ್ಬರ ತಂಬೂರಿಗೆ ಒಂದೊಂದು ದನಿ. ಈಗ ಊರಿಗೆಲ್ಲ ಅದೇ ಆ್ಯಪ್, ಹೆಂಗಸರಿಗೆ ಅದೇ ಐದೂವರೆ ಮನೆ (ಶ್ರುತಿಯ ಎತ್ತರದ ಅಳತೆ), ಒಂದು ಕೂದಲೆಳೆ ವ್ಯತ್ಯಾಸವಿಲ್ಲದ ಅದೇ ನಾದ. ಚಿಕ್ಕಮ್ಮನ ವಿಡಿಯೊವನ್ನು ಕಿವಿಗೊಟ್ಟು ಕೇಳಿದೆ. ಮೊದಲ 14 ಸೆಕೆಂಡು ದೀಪ ಸರಿ ಮಾಡಿ, ಕೆಮ್ಮಿ, ಚಿಕ್ಕಪ್ಪನಿಗೆ "ಫ್ಯಾನ್ ಆಫ್ ಮಾಡ್ರೀ" ಅಂದದ್ದು. ಶ್ರುತಿ ಶುರುವಾಗುವುದು ಸರಿಯಾಗಿ 0:14ಕ್ಕೆ. ಕ್ಲೇಮ್ ಶುರುವಾಗುವುದೂ ಅಲ್ಲಿಂದಲೇ. ಕಂಪನಿಯ ಆಲ್ಬಮ್ಮಿನ ಹಾಡನ್ನೂ ಹಾಕಿ ನೋಡಿದೆವು. ಪದ ಅದೇ, ಗಾಯಕಿ ಬೇರೆ, ಚರಣದ ಧಾಟಿ ಬೇರೆ, ಶ್ರುತಿ ಮಾತ್ರ ಒಂದೇ. ನನ್ನ ಗುಮಾನಿ ಆ್ಯಪಿನ ಮೇಲೆ.

ಹೊಸ ಹುಡುಗರಿಗೆ ಇದೇ ತೊಂದರೆ ಬೇರೆ ದಾರಿಯಲ್ಲಿ ಬರುತ್ತದೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಡ್ರಮ್ ಲೂಪ್ ಒಂದನ್ನು ನೂರು ಜನ ಬಳಸುತ್ತಾರೆ. ಅವರಲ್ಲೊಬ್ಬ ತನ್ನ ಹಾಡನ್ನು ಏಜೆಂಟ್ ಕಂಪನಿಯ ಮೂಲಕ ಕಂಟೆಂಟ್ ಐಡಿಗೆ ಸೇರಿಸುತ್ತಾನೆ. ಅಲ್ಲಿಂದಾಚೆಗೆ ಉಳಿದ ತೊಂಬತ್ತೊಂಬತ್ತು ಜನರಿಗೂ ಅವನ ಹೆಸರಿನಲ್ಲಿ ಕ್ಲೇಮ್. ತಮ್ಮೊಬ್ಬರಿಗೇ ಹಕ್ಕಿರುವ ಸರಕನ್ನಷ್ಟೇ ಸೇರಿಸಬೇಕು ಅಂತ ಯೂಟ್ಯೂಬಿನ ನಿಯಮವೇ ಹೇಳುತ್ತದೆ. ನಿಯಮ ಓದುವವರು ಯಾರು?

ಇನ್ನು ಬೇಕೆಂದೇ ಮಾಡುವವರು. ಅಮೆರಿಕದ ಅರಿಜೋನಾದಲ್ಲಿ ಇಬ್ಬರು 2017ರಿಂದ ನಾಲ್ಕು ವರ್ಷ, ತಮ್ಮದಲ್ಲದ 50,000ಕ್ಕೂ ಹೆಚ್ಚು ಸ್ಪ್ಯಾನಿಷ್ ಹಾಡುಗಳನ್ನು ತಮ್ಮವೇ ಅಂತ ಹೇಳಿಕೊಂಡು 2.3 ಕೋಟಿ ಡಾಲರ್ ಬಾಚಿದರು. 2021ರಲ್ಲಿ ಆರೋಪಪಟ್ಟಿ, 2023ರಲ್ಲಿ ಒಬ್ಬನಿಗೆ 70 ತಿಂಗಳ ಜೈಲು. ನಾಲ್ಕು ವರ್ಷ! ಅಷ್ಟೂ ದಿನ ನಿಜವಾದ ಹಾಡುಗಾರರ ದುಡ್ಡು ಬೇರೆಯವರ ಜೇಬಿಗೆ ಹೋಗುತ್ತಿತ್ತು.

ಹಾಗಾದರೆ ತಪ್ಪು ಎಷ್ಟು? ಯೂಟ್ಯೂಬ್ ಮೊದಲ ಸಲ 2021ರ ಕೊನೆಯಲ್ಲಿ ಲೆಕ್ಕ ಕೊಟ್ಟಿತು. ಆ ವರ್ಷದ ಮೊದಲ 6 ತಿಂಗಳಲ್ಲಿ ಕಂಟೆಂಟ್ ಐಡಿ ಮೂಲಕ ಆದ ಕ್ಲೇಮ್‌ಗಳು 72 ಕೋಟಿಗೂ ಹೆಚ್ಚು. ತಕರಾರು ಹಾಕಿದ್ದು ಶೇಕಡಾ 1ಕ್ಕಿಂತ ಕಡಿಮೆ. ಆದರೆ ತಕರಾರು ಹಾಕಿದವುಗಳಲ್ಲಿ ಶೇಕಡಾ 60 ವಿಡಿಯೊ ಹಾಕಿದವರ ಪರ ಇತ್ಯರ್ಥವಾದವು. ಸುಮಾರು 22 ಲಕ್ಷ ಕ್ಲೇಮ್ ಬಿದ್ದುಹೋದವು.

ಈ ಅಂಕಿಗಳನ್ನು ಎರಡು ಥರ ಓದಬಹುದು. ನೂರರಲ್ಲಿ ತೊಂಬತ್ತೊಂಬತ್ತು ಜನ ತಕರಾರೇ ಮಾಡಿಲ್ಲ, ಅಂದರೆ ಅಷ್ಟೂ ಕ್ಲೇಮ್ ಸರಿಯಾಗಿಯೇ ಇವೆ ಅನ್ನುವುದು ಕಂಪನಿಗಳ ಓದು. ನನಗೆ ಅದು ಒಪ್ಪಿಗೆಯಿಲ್ಲ. ಬಹಳಷ್ಟು ಕ್ಲೇಮ್ ಸರಿ ಇರುತ್ತವೆ, ನಿಜ. ಸಿನಿಮಾ ಹಾಡನ್ನು ಹಾಗೇ ಎತ್ತಿ ಹಾಕಿದವರು ತಕರಾರು ಮಾಡಲಾರರು. ಆದರೆ ಆ ಮೌನದೊಳಗೆ ಚಿಕ್ಕಮ್ಮನಂಥವರೂ ಇದ್ದಾರೆ. ಇಂಗ್ಲಿಷ್ ಮೇಲ್ ನೋಡಿ ಹೆದರಿದವರು, ಮೂರು ರೂಪಾಯಿ ಜಾಹೀರಾತಿನ ದುಡ್ಡಿಗೆ ಯಾಕೆ ತಲೆನೋವು ಅಂದುಕೊಂಡವರು, ವಿಡಿಯೊನೇ ಅಳಿಸಿಹಾಕಿದವರು. ಚಿಕ್ಕಮ್ಮನೂ ಅಳಿಸುವುದಕ್ಕೇ ಹೊರಟಿದ್ದರು. ತಕರಾರು ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗೆಲ್ಲುತ್ತಾರೆ ಅಂದಮೇಲೆ, ಹಾಕದೇ ಇರುವವರಲ್ಲೂ ಗೆಲ್ಲುವವರು ಎಷ್ಟೋ ಮಂದಿ ಇರಲೇಬೇಕು, ಅಲ್ವಾ? ಈ ವ್ಯವಸ್ಥೆಯಲ್ಲಿ ಸುಮ್ಮನಿದ್ದರೆ ಒಪ್ಪಿಕೊಂಡ ಹಾಗೆ. ಅದೇ ಇದರ ದೊಡ್ಡ ದೋಷ.

ಯಾವುದು ನಿಮ್ಮದು, ಯಾವುದು ಅಲ್ಲ

ತಕರಾರು ಹಾಕುವ ಮುಂಚೆ ನಮ್ಮ ಮನೆಯ ಲೆಕ್ಕ ಸರಿ ಇದೆಯಾ ನೋಡಿಕೊಳ್ಳಬೇಕು. ಜನ ಎಡವುವುದು ಇಲ್ಲೇ. 'ಹಳೇ ಹಾಡು, ಯಾರ ಸ್ವತ್ತೂ ಅಲ್ಲ' ಅಂತ ಒಂದೇ ಏಟಿಗೆ ಹೇಳಿಬಿಡುತ್ತಾರೆ. ಆದರೆ ಒಂದು ಹಾಡಿನಲ್ಲಿ ಮೂರು ಸ್ವತ್ತು ಇರುತ್ತವೆ: ಸಾಹಿತ್ಯ, ಧಾಟಿ, ರೆಕಾರ್ಡಿಂಗ್. ಮೂರಕ್ಕೂ ಬೇರೆ ಬೇರೆ ಖಾತೆ.

ಭಾರತದ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸಾಹಿತ್ಯಕ್ಕೂ ಸಂಗೀತ ರಚನೆಗೂ ರಚಿಸಿದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು. ದಾಸರು, ಶರಣರು, ಶಿಶುನಾಳ ಶರೀಫರು ಎಲ್ಲರೂ ಈ ಲೆಕ್ಕದಾಚೆಗೆ. ಬಿ.ಎಂ.ಶ್ರೀ ತೀರಿಕೊಂಡಿದ್ದು 1946ರಲ್ಲಿ, ಅವರ ಪದ್ಯಗಳೂ 2006ರ ಕೊನೆಗೆ ಎಲ್ಲರವೂ ಆದವು. ಆದರೆ ಬೇಂದ್ರೆಯವರು 1981ರಲ್ಲಿ ಹೋದರು, ಹಾಗಾಗಿ 2041ರ ಕೊನೆಯವರೆಗೂ ಹಕ್ಕು ಉಂಟು. ಕುವೆಂಪು ಅವರದು 2054ರವರೆಗೆ. 'ನಾಡಿನ ಕವಿ, ಎಲ್ಲರ ಸ್ವತ್ತು' ಅನ್ನುವುದು ಭಾಷಣಕ್ಕೆ ಚೆಂದ, ಡಿಸ್‌ಪ್ಯೂಟ್ (ತಕರಾರು) ಫಾರಮ್ಮಿಗೆ ನಡೆಯಲ್ಲ.

ಧಾಟಿಯದು ಇನ್ನೂ ಸೂಕ್ಷ್ಮ. ದಾಸರ ಪದಗಳು ಸ್ವರಲಿಪಿ ಸಮೇತ ನಮ್ಮ ಕೈಗೆ ಬಂದಿಲ್ಲ. ಇವತ್ತು ಎಲ್ಲರ ಬಾಯಲ್ಲಿರುವ ಎಷ್ಟೋ ದೇವರನಾಮಗಳ ಧಾಟಿ 20ನೇ ಶತಮಾನದ ಗಾಯಕರು ಕೂಡಿಸಿದ್ದು. ಸಾಹಿತ್ಯ ನಾಲ್ಕೂವರೆ ಶತಮಾನದ್ದು, ಧಾಟಿ ನಲವತ್ತು ವರ್ಷದ್ದು. ಅಂಥ ಧಾಟಿಯನ್ನೇ ಹಾಡಿದ್ದರೆ ಕ್ಲೇಮ್ ಹಾಕಿದವರ ಕಡೆಗೂ ಸ್ವಲ್ಪ ನ್ಯಾಯ ಇರಬಹುದು. ಸುಗಮ ಸಂಗೀತಕ್ಕಂತೂ ಈ ಮಾತು ಪೂರ್ತಿ ಸಲ್ಲುತ್ತದೆ. ಚಿಕ್ಕಮ್ಮನನ್ನು ನಾನು ಕೇಳಿದ ಮೊದಲ ಪ್ರಶ್ನೆಯೇ ಇದು: "ಈ ಧಾಟಿ ಎಲ್ಲಿಂದ ಬಂತು? ಕ್ಯಾಸೆಟ್ಟಿಂದಲಾ?" "ಕ್ಯಾಸೆಟ್ಟೆಲ್ಲಿ ಬಂತೋ, ನಮ್ಮಮ್ಮ ದೋಸೆ ಹುಯ್ಯುವಾಗ ಹೇಳ್ಕೊತಿದ್ದಿದ್ದು" ಅಂದರು. ಸರಿ, ಒಂದು ಆತಂಕ ಕಳೆಯಿತು.

ರೆಕಾರ್ಡಿಂಗ್‌ನ ಹಕ್ಕು ಹೊರಬಂದ ಮುಂದಿನ ವರ್ಷದಿಂದ 60 ವರ್ಷ. 1930ರ ದಶಕದ ರಂಗಗೀತೆಯ ಗ್ರಾಮಫೋನ್ ಪ್ಲೇಟನ್ನು ಯಾರಾದರೂ ಡಿಜಿಟಲ್ ಮಾಡಿ ಹಾಕಿದರೆ ಇಲ್ಲಿ ಅದರ ಅವಧಿ ಎಂದೋ ಮುಗಿದಿದೆ. ಆದರೂ ಅದೇ ಪ್ಲೇಟನ್ನು ಯಾವುದೋ ಕಂಪನಿ ಸಿಡಿ ಮಾಡಿ ಸೇರಿಸಿಟ್ಟಿದ್ದರೆ ಕ್ಲೇಮ್ ಬರುತ್ತದೆ. ಹಳೇ ಪ್ಲೇಟು ಸಂಗ್ರಹಿಸುವವರ ಗೋಳು ಇದು. ಅಮೆರಿಕದಲ್ಲಿ ಹಳೇ ರೆಕಾರ್ಡುಗಳ ಲೆಕ್ಕವೇ ಬೇರೆ. ಹಾಗಾಗಿ ಇಲ್ಲಿ ಸಲೀಸಾಗಿ ಓಡುವ ವಿಡಿಯೊ ಅಲ್ಲಿನ ಕನ್ನಡ ಕೂಟದವರಿಗೆ ಕಾಣಿಸದೇ ಹೋಗಬಹುದು.

'30 ಸೆಕೆಂಡಿಗಿಂತ ಕಡಿಮೆ ಬಳಸಿದರೆ ತೊಂದರೆ ಇಲ್ಲ' ಅನ್ನುವುದು ಬರೀ ದಂತಕಥೆ. ಕಾಯ್ದೆಯಲ್ಲಿ ಅಂಥ ಯಾವ ಸೆಕೆಂಡಿನ ಲೆಕ್ಕವೂ ಇಲ್ಲ. ಕೆಳಗೆ 'ಎಲ್ಲ ಹಕ್ಕೂ ಮೂಲ ಮಾಲೀಕರದು' ಅಂತ ಬರೆದರೂ ಪ್ರಯೋಜನವಿಲ್ಲ. ಅದು ತಪ್ಪೊಪ್ಪಿಗೆ ಪತ್ರದ ಹಾಗೆ ಓದಿಸಿಕೊಳ್ಳುತ್ತದೆ. ಮದುವೆ ವಿಡಿಯೊದವರು ಇನ್ನೊಂದು ಮಾತು ಹೇಳುತ್ತಾರೆ, ಮದುವೆಯಲ್ಲಿ ಹಾಡು ಹಾಕುವುದಕ್ಕೆ ಕಾನೂನೇ ವಿನಾಯಿತಿ ಕೊಟ್ಟಿದೆ ಅಂತ. ಕೊಟ್ಟಿದೆ, 52ನೇ ಸೆಕ್ಷನ್ನಿನಲ್ಲಿ. ಆದರೆ ಅದು ಚೌಟ್ರಿಯಲ್ಲಿ, ಮೆರವಣಿಗೆಯಲ್ಲಿ ಹಾಡು ಮೊಳಗಿಸುವ ಮಾತು. ಅದೇ ಹಾಡಿರುವ ವಿಡಿಯೊವನ್ನು ಲೋಕಕ್ಕೆಲ್ಲ ಕಾಣುವಂತೆ ಹಾಕುವುದಕ್ಕೆ ಅದನ್ನು ನೆಚ್ಚಿಕೊಳ್ಳುವುದು ಅಪಾಯ.

ಅದೇ 52ನೇ ಸೆಕ್ಷನ್ನಿನಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಭಾಗ ಬೇರೆ ಇದೆ. ವಿಮರ್ಶೆ ಮಾಡುವುದಕ್ಕೆ, ಪ್ರಚಲಿತ ಘಟನೆಯನ್ನು ವರದಿ ಮಾಡುವುದಕ್ಕೆ, ಸ್ವಂತದ ಓದು ಸಂಶೋಧನೆಗೆ ನ್ಯಾಯವಾದ ಮಟ್ಟಿಗೆ ಬಳಸಬಹುದು. ಸಿನಿಮಾ ವಿಮರ್ಶೆ ಮಾಡುವವರು, ಸುದ್ದಿ ವಿಶ್ಲೇಷಣೆ ಮಾಡುವವರು ನಿಂತಿರುವುದು ಇದರ ಮೇಲೆ. ಎಷ್ಟರ ಮಟ್ಟಿಗೆ ನ್ಯಾಯ ಅನ್ನುವುದನ್ನು ಮಾತ್ರ ಯಂತ್ರ ಹೇಳಲಾರದು, ಕೋರ್ಟೇ ಹೇಳಬೇಕು.

ಐದು ದಿನ, ಮೂವತ್ತು ದಿನ, ಏಳು ದಿನ

ಈಗ ಕೆಲಸಕ್ಕೆ ಬರೋಣ. ಚಾನೆಲ್ ನಡೆಸುವವರ ಪುಟವಾದ ಯೂಟ್ಯೂಬ್ ಸ್ಟುಡಿಯೊದಲ್ಲಿ ಆ ವಿಡಿಯೊದ ಪಕ್ಕ 'ಕಾಪಿರೈಟ್' ಅಂತ ಕಾಣುತ್ತದೆ. ಒತ್ತಿದರೆ ಯಾವ ಭಾಗ, ಯಾರ ಕ್ಲೇಮ್, ಅದರಿಂದ ಏನಾಗಿದೆ ಎಲ್ಲ ಗೊತ್ತಾಗುತ್ತದೆ. ಗಾಬರಿಯಾದವರಿಗೆ ಹೇಳಬೇಕಾದ ಮಾತು: ಇದು ಕ್ಲೇಮ್, ಸ್ಟ್ರೈಕ್ ಅಲ್ಲ. ಕ್ಲೇಮ್ ಬರೀ ಆ ವಿಡಿಯೊಗೆ ತಾಗುತ್ತದೆ. ಸ್ಟ್ರೈಕ್ ಅಂದರೆ ಕಾನೂನಿನ ಪ್ರಕಾರ ವಿಡಿಯೊ ತೆಗೆಸಿದಾಗ ಬೀಳುವ ಎಚ್ಚರಿಕೆ, ಅದು ಚಾನೆಲ್‌ಗೆ ತಾಗುತ್ತದೆ. 90 ದಿನದೊಳಗೆ 3 ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ.

ದುಡ್ಡು ಬರುವ ಚಾನೆಲ್‌ನವರು 5 ದಿನದ ಗಡುವನ್ನು ಮರೆಯಬಾರದು. ಕ್ಲೇಮ್ ಬಂದ 5 ದಿನದೊಳಗೆ ಡಿಸ್‌ಪ್ಯೂಟ್ ಹಾಕಿದರೆ ಮೊದಲ ದಿನದಿಂದಲೂ ಬಂದ ಜಾಹೀರಾತಿನ ದುಡ್ಡನ್ನು ಯೂಟ್ಯೂಬ್ ಯಾರಿಗೂ ಕೊಡದೆ ಹಿಡಿದಿಡುತ್ತದೆ. ಗೆದ್ದವರಿಗೆ ಅದು ಸೇರುತ್ತದೆ. ತಡಮಾಡಿದರೆ ಡಿಸ್‌ಪ್ಯೂಟ್ ಹಾಕಿದ ದಿನದಿಂದ ಮಾತ್ರ. ವಿಡಿಯೊ ಜಾಸ್ತಿ ಓಡುವುದು ಮೊದಲ ವಾರದಲ್ಲಿ ತಾನೇ? ಅದಕ್ಕೇ ಈ 5 ದಿನಕ್ಕೆ ಅಷ್ಟು ಬೆಲೆ.

ಡಿಸ್‌ಪ್ಯೂಟ್ ಹಾಕಿದ ಮೇಲೆ ಆ ಕಡೆಯವರಿಗೆ 30 ದಿನ. ಸುಮ್ಮನಿದ್ದರೆ ಕ್ಲೇಮ್ ತಾನಾಗೇ ಬೀಳುತ್ತದೆ. 'ಇಲ್ಲ, ನಮ್ಮದೇ' ಅಂದರೆ ನೀವು ಅಪೀಲು ಹಾಕಬಹುದು. ಆಗ ಅವರಿಗೆ 7 ದಿನ. ವಿಡಿಯೊ ಪೂರ್ತಿ ಬ್ಲಾಕ್ ಆಗಿದ್ದರೆ ಮೊದಲ ಮೆಟ್ಟಿಲು ಬಿಟ್ಟು ನೇರ ಅಪೀಲಿಗೇ ಹೋಗುವ ದಾರಿಯೂ ಇದೆ. ಗಮನಿಸಿದಿರಾ, ಡಿಸ್‌ಪ್ಯೂಟನ್ನು ಮೊದಲು ನೋಡುವವರು ಯೂಟ್ಯೂಬಿನವರಲ್ಲ, ಕ್ಲೇಮ್ ಹಾಕಿದವರೇ. ಒತ್ತುವರಿ ಮಾಡಿದವನ ಕೈಗೇ ತಕರಾರು ಅರ್ಜಿ ಕೊಟ್ಟ ಹಾಗೆ. ಆದರೂ ನೂರಕ್ಕೆ 60 ಗೆಲ್ಲುತ್ತವೆ ಅಂದರೆ ಆ ಕ್ಲೇಮ್‌ಗಳು ಎಷ್ಟು ಪೊಳ್ಳಾಗಿರಬೇಕು ಯೋಚಿಸಿ.

ಅಪೀಲಿನಲ್ಲಿ ಮಾತ್ರ ಮೈಯೆಲ್ಲ ಕಣ್ಣಾಗಿರಬೇಕು. ಅದನ್ನೂ ಕ್ಲೇಮ್ ಹಾಕಿದವರು ಒಪ್ಪದಿದ್ದರೆ, ವಿಡಿಯೊ ತೆಗೆಸಲು ಅವರೇ ಕಾನೂನಿನ ಪ್ರಕಾರ ಬೇಡಿಕೆ ಸಲ್ಲಿಸಬೇಕು. ಅದು ಸಿಂಧುವಾದರೆ ನಿಮಗೆ ಸ್ಟ್ರೈಕ್. ಕೆಲವು ಸಲ ಅವರು 7 ದಿನದ ಗಡುವು ಇಟ್ಟು ಬೇಡಿಕೆ ಸಲ್ಲಿಸುತ್ತಾರೆ. ಆ ಏಳು ದಿನದಲ್ಲಿ ಅಪೀಲು ವಾಪಸ್ ತೆಗೆದುಕೊಂಡರೆ ಸ್ಟ್ರೈಕ್ ತಪ್ಪುತ್ತದೆ. ಧೈರ್ಯ ಎಷ್ಟಿದೆ, ಕಾಗದಪತ್ರ ಎಷ್ಟಿದೆ ಅಂತ ಇಲ್ಲೇ ತೂಗಿ ನೋಡಬೇಕು.

ಸ್ಟ್ರೈಕ್ ಬಿದ್ದ ಮೇಲೂ ಒಂದು ಬಾಗಿಲಿದೆ, ಕೌಂಟರ್ ನೋಟಿಫಿಕೇಶನ್, ಅಂದರೆ ಎದುರು ನೋಟಿಸು. ಇದು 1998ರ ಅಮೆರಿಕದ ಡಿಎಂಸಿಎ ಎಂಬ ಡಿಜಿಟಲ್ ಕಾಪಿರೈಟ್ ಕಾಯ್ದೆಯ ಕೂಸು. ನಿಮ್ಮ ನಿಜವಾದ ಹೆಸರು, ವಿಳಾಸ ಕೊಡಬೇಕು. ಅದು ಎದುರು ಪಾರ್ಟಿಗೆ ಹೋಗುತ್ತದೆ. ತಪ್ಪಾಗಿಯೇ ತೆಗೆಸಿದ್ದಾರೆ ಅಂತ ಪ್ರಮಾಣ ಮಾಡಬೇಕು. ಅಮೆರಿಕದ ಹೊರಗಿನವರಾದರೆ ಯೂಟ್ಯೂಬ್ ಇರುವ ಕ್ಯಾಲಿಫೋರ್ನಿಯಾ ಭಾಗದ ಕೋರ್ಟಿನ ವ್ಯಾಪ್ತಿಗೆ ಒಪ್ಪಿಗೆ ಅಂತಲೂ ಬರೆದುಕೊಡಬೇಕು. ಆಮೇಲೆ ಅವರು ಅಲ್ಲಿನ 10 ಕೆಲಸದ ದಿನಗಳಲ್ಲಿ ಕೇಸು ಹಾಕಿದ ದಾಖಲೆ ತೋರಿಸದಿದ್ದರೆ ವಿಡಿಯೊ ವಾಪಸ್ ಬರುತ್ತದೆ. ಎಷ್ಟೋ ಸಲ ಕೇಸು ಹಾಕುವುದಿಲ್ಲ. ಆದರೆ ಸಿರ್ಸಿಯಲ್ಲಿ ಕೂತು ತಾಳಮದ್ದಲೆ ವಿಡಿಯೊ ಹಾಕುವವನಿಗೆ ಕ್ಯಾಲಿಫೋರ್ನಿಯಾದ ಕೋರ್ಟು ಅನ್ನುವ ಪದವೇ ಸಾಕು, ಕೈ ನಡುಗಿ ಕಿಟಕಿ ಮುಚ್ಚುತ್ತಾನೆ.

ವಿಳಾಸ ಕೊಡುವುದೂ ಸಣ್ಣ ಮಾತಲ್ಲ. 2019ರಲ್ಲಿ ಅಮೆರಿಕದ ಒಮಾಹಾದ ಒಬ್ಬನ ಮೇಲೆ ಯೂಟ್ಯೂಬೇ ಕೇಸು ಹಾಕಿತು. ಅವನು ಸುಳ್ಳು ಬೇಡಿಕೆ ಸಲ್ಲಿಸಿ ಕೆಲವರ ಚಾನೆಲ್‌ಗಳಿಗೆ ಸ್ಟ್ರೈಕ್ ಹಾಕಿಸಿ, ತೆಗೆಯಲು ದುಡ್ಡು ಕೇಳುತ್ತಿದ್ದ. ವಿಳಾಸ ಸಿಕ್ಕ ಒಬ್ಬರ ಮನೆಗೆ ಪೊಲೀಸರು ನುಗ್ಗುವ ಹಾಗೆ ಮಾಡಿದ ಅಂತಲೂ ಆರೋಪವಿತ್ತು. ಕೊನೆಗೆ ಕ್ಷಮೆ ಕೇಳಿ 25,000 ಡಾಲರ್ ಕೊಟ್ಟು ರಾಜಿಯಾದ. ಯೂಟ್ಯೂಬ್ ಹೀಗೆ ಬೆನ್ನಿಗೆ ನಿಲ್ಲುವುದು ಅಪರೂಪ.

ನಮ್ಮ ಕಾನೂನು ಏನು ಹೇಳುತ್ತದೆ

ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿ ಮತ್ತು 2013ರ ನಿಯಮಗಳ ಪ್ರಕಾರ ದೂರು ಬಂದರೆ ಯೂಟ್ಯೂಬಿನಂಥ ವೇದಿಕೆಯವರು 36 ಗಂಟೆಯೊಳಗೆ ತಡೆಯಬೇಕು. ಆದರೆ ದೂರು ಕೊಟ್ಟವರು 21 ದಿನದಲ್ಲಿ ಕೋರ್ಟಿನ ಆದೇಶ ತರದಿದ್ದರೆ ಮತ್ತೆ ತೆರೆದಿಡಬಹುದು. ಕೋರ್ಟಿಗೆ ಹೋಗುವ ಭಾರ ದೂರು ಕೊಟ್ಟವರ ಮೇಲೆ, ಅಷ್ಟರ ಮಟ್ಟಿಗೆ ನ್ಯಾಯ. ಇನ್ನೊಂದು, ಹೆಚ್ಚು ಜನರಿಗೆ ಗೊತ್ತಿಲ್ಲದ 60ನೇ ಸೆಕ್ಷನ್. ಹಕ್ಕಿಲ್ಲದೆ ಕಾಪಿರೈಟ್ ಹೆಸರಿನಲ್ಲಿ ಬೆದರಿಸುವವರ ಮೇಲೆ ನೀವೇ ಕೇಸು ಹಾಕಿ, ಬೆದರಿಕೆ ನಿಲ್ಲಿಸಿ ಅಂತ ಆದೇಶ, ನಷ್ಟಕ್ಕೆ ಪರಿಹಾರ ಎರಡೂ ಕೇಳಬಹುದು. ಅವರು ತಡಮಾಡದೆ ತಾವೇ ನಿಮ್ಮ ಮೇಲೆ ಕೇಸು ಹಾಕಿ ನಡೆಸಿದರೆ ಮಾತ್ರ ಇದು ಸಲ್ಲದು. ಒಳ್ಳೆಯ ಅಸ್ತ್ರವೇ. ಆದರೆ ವಕೀಲರ ಫೀಸು ಮತ್ತು ಮೂರು ರೂಪಾಯಿ ಜಾಹೀರಾತಿನ ದುಡ್ಡು, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡಿ.

2025ರ ಮೇ ತಿಂಗಳಲ್ಲಿ ಈ ಜಗಳ ಬೀದಿಗೆ ಬಂತು. ಕೆಲವೇ ಸೆಕೆಂಡುಗಳ ತುಣುಕು ಬಳಸಿದ್ದಕ್ಕೆ ಸ್ಟ್ರೈಕ್ ಹಾಕಿ, ತೆಗೆಯಲು 45 ಲಕ್ಷ ರೂಪಾಯಿಗೂ ಹೆಚ್ಚು ಕೇಳಿದರು ಅಂತ ಯೂಟ್ಯೂಬರ್ ಮೋಹಕ್ ಮಂಗಲ್ ಎಎನ್ಐ ಸುದ್ದಿಸಂಸ್ಥೆಯ ಮೇಲೆ ಆರೋಪ ಮಾಡಿದರು. ತಮ್ಮ ಹಕ್ಕು ಕಾಪಾಡಿಕೊಳ್ಳುವುದು ಸುಲಿಗೆಯಲ್ಲ ಅಂತ ಎಎನ್ಐ ಹೇಳಿತು, ದೆಹಲಿ ಹೈಕೋರ್ಟಿನಲ್ಲಿ ಮಾನನಷ್ಟದ ದಾವೆಯನ್ನೂ ಹೂಡಿತು. ವಿಡಿಯೊದ ಕೆಲವು ಭಾಗ ತೆಗೆಯುವಂತೆ ಕೋರ್ಟು ಸೂಚಿಸಿತು. ಯಾರು ಸರಿ ಅಂತ ಹೇಳುವುದು ನನ್ನ ಕೆಲಸವಲ್ಲ. ಆ ತುಣುಕುಗಳು ಸಂಸ್ಥೆಯವೇ ಹೌದು, ಹಾಗಾಗಿ ಇದು ಚಿಕ್ಕಮ್ಮನ ಕಥೆಯಂಥದ್ದಲ್ಲ. ನಾನು ನೋಡುವುದು ಕತ್ತಿ ಎಲ್ಲಿ ತೂಗಾಡುತ್ತಿದೆ ಅನ್ನುವುದನ್ನು. ವರ್ಷಗಟ್ಟಲೆ ಕಟ್ಟಿದ ಚಾನೆಲ್ 3 ಸ್ಟ್ರೈಕಿಗೆ ಹೋಗುವುದಾದರೆ, ನ್ಯಾಯವಾದ ಬಳಕೆಯೋ ಅಲ್ಲವೋ ಅಂತ ಕೋರ್ಟು ಹೇಳುವವರೆಗೆ ಯಾರು ಕಾಯುತ್ತಾರೆ? ರಾಜಿಗೇ ಬರುತ್ತಾರೆ.

ತಪ್ಪಿಗೆ ಎಷ್ಟು ಶಿಕ್ಷೆ ಅನ್ನುವ ಈ ಅಳತೆಯ ಪ್ರಶ್ನೆ ನಮ್ಮ ಹೈಕೋರ್ಟಿನ ಮುಂದೆಯೂ ಬಂದಿತ್ತು. 2022ರ ನವೆಂಬರಿನಲ್ಲಿ ಭಾರತ್ ಜೋಡೊ ಯಾತ್ರೆಯ ವಿಡಿಯೊದಲ್ಲಿ ಸಿನಿಮಾ ಹಾಡು ಬಳಸಿದ್ದಾರೆ ಅಂತ ಎಂಆರ್‌ಟಿ ಮ್ಯೂಸಿಕ್ ಎಂಬ ಹಾಡಿನ ಕಂಪನಿ ಬೆಂಗಳೂರಿನ ಕೋರ್ಟಿಗೆ ಹೋಯಿತು. ಆ ಕೋರ್ಟು ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ತಡೆಯಲು ಹೇಳಿತು. ಹೈಕೋರ್ಟು ಮರುದಿನವೇ ಅದನ್ನು ರದ್ದು ಮಾಡಿ, ಹಾಡಿರುವ ತುಣುಕುಗಳನ್ನಷ್ಟೇ ತೆಗೆಯಿರಿ ಅಂತು. ದೊಡ್ಡ ಪಕ್ಷ, ವಕೀಲರಿದ್ದರು, ಒಂದೇ ದಿನದಲ್ಲಿ ಕೆಲಸವಾಯಿತು. ಹಾಡು ತೆಗೆದರೆ ಸಾಕು, ಖಾತೆ ಯಾಕೆ ಮುಚ್ಚಬೇಕು ಅನ್ನುವ ಈ ಮಾತು ಚಾನೆಲ್‌ಗಳಿಗೂ ಸಲ್ಲಬೇಕಲ್ಲವೇ?

ಚಿಕ್ಕಮ್ಮನ ಡಿಸ್‌ಪ್ಯೂಟ್ ಹಾಕಿದ್ದು ನಾಲ್ಕನೇ ದಿನ. ಅವರಿಗೆ ಒಂದು ಪುಟದಷ್ಟು ಸಿಟ್ಟು ಬರೆಯಬೇಕಿತ್ತು. ದಾಸರಿಗೆ ಅವಮಾನ ಅಂತೆಲ್ಲ ಇತ್ತು. ನಾನು ಬೇಡ ಅಂದೆ. ಐದೇ ವಾಕ್ಯ ಬರೆದೆವು, ಇಂಗ್ಲಿಷಿನಲ್ಲಿ. ಹಾಡಿದವಳು ನಾನೇ, ನಮ್ಮ ಮನೆಯಲ್ಲೇ ರೆಕಾರ್ಡ್ ಮಾಡಿದ್ದು. ಸಾಹಿತ್ಯ ಪುರಂದರದಾಸರದು, ಅವರ ಕಾಲ 16ನೇ ಶತಮಾನ. ಧಾಟಿ ನನ್ನ ತಾಯಿ ಹೇಳಿಕೊಟ್ಟದ್ದು. ನಿಮ್ಮ ರೆಕಾರ್ಡಿನ ಯಾವ ತುಣುಕನ್ನೂ ಬಳಸಿಲ್ಲ. ಹಿನ್ನೆಲೆಯ ಶ್ರುತಿ ಮೊಬೈಲ್ ಆ್ಯಪಿನದು, ಯಾರು ಬೇಕಾದರೂ ಹಾಕಿಕೊಳ್ಳಬಹುದು.

ಮೂವತ್ತು ದಿನ ಆ ಕಡೆಯಿಂದ ಹೂಂ ಇಲ್ಲ, ಉಹೂಂ ಇಲ್ಲ. ಮೂವತ್ತೊಂದನೇ ದಿನ ಕ್ಲೇಮ್ ಬಿಟ್ಟುಹೋಗಿತ್ತು. ಕಂಪನಿಯ ಒಬ್ಬ ಮನುಷ್ಯನಾದರೂ ಆ ಹಾಡನ್ನು ಕೇಳಿದನೋ ಇಲ್ಲವೋ. "ಕೇಳಿದ್ರೆ ಒಂದು ಲೈಕಾದ್ರೂ ಕೊಡ್ತಿದ್ರು" ಅಂದರು ಚಿಕ್ಕಮ್ಮ.

ಸಂಕ್ರಾಂತಿ ಹೊತ್ತಿಗೆ ಅದೇ ವಿಡಿಯೊಗೆ ಇನ್ನೊಂದು ಕ್ಲೇಮ್ ಬಂತು, ಬೇರೆ ಕಂಪನಿಯ ಹೆಸರಿನಲ್ಲಿ. ಈ ಸಲ ನನಗೆ ಫೋನ್ ಬರಲಿಲ್ಲ. ಊರಿಗೆ ಹೋದಾಗ ಎಳ್ಳು ಬೀರಿ ಮುಗಿಸಿ ಬಂದವರು ಹಾಡಿನ ನೋಟ್‌ಬುಕ್ ತೆಗೆದು ತೋರಿಸಿದರು. ಹಿಂದಿನ ಪುಟದಲ್ಲಿ ಆ ಐದು ಇಂಗ್ಲಿಷ್ ವಾಕ್ಯಗಳನ್ನು ಉರುಟು ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದಾರೆ. ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ. ಕೆಳಗೆ ಎರಡು ತಾರೀಖು, ಒಂದಕ್ಕೆ ಟಿಕ್ ಹಾಕಿದೆ. ಇನ್ನೊಂದಕ್ಕೆ ಇನ್ನೂ ಹನ್ನೆರಡು ದಿನ ಬಾಕಿ.